ಗುಲ್ಮಾರ್ಗ್‌ನಲ್ಲಿ ‘ಈಸಿ’ ಅನ್ನುವ ಸ್ಕೀ ದಾರಿಯಲ್ಲಿ ಎರಡನೇ ದಿನವೇ ಇಳಿಯಬಹುದಾ?

ಎರಡನೇ ದಿನ ಬೇಡ. ಮೂರನೇ ದಿನ ಕೂಡ ನನಗೆ ಅನುಮಾನವೇ.

ಬೀದರ್‌ನಿಂದ ಜನವರಿ ಕೊನೆಗೆ ಗೆಳೆಯರ ಜೊತೆ ಗುಲ್ಮಾರ್ಗ್. ಒಂದು ದಿನ ಕೆಳಗಿನ ಬಯಲಿನಲ್ಲಿ ಸ್ಕೀ ಕಲಿಯೋದು, ಮರುದಿನ ಗೊಂಡೋಲಾದ (ಬೆಟ್ಟ ಹತ್ತಿಸುವ ಕೇಬಲ್ ಕಾರ್) ಮೊದಲ ಹಂತದಿಂದ ‘ಈಸಿ’ ದಾರಿಯಲ್ಲಿ ಇಳಿಯೋದು. ಸರಿ ಹೋಗುತ್ತಾ ಅಂತ ಕೇಳಿದ್ದೀರಿ. ಇದೇ ಪ್ಲಾನನ್ನು ನಾವು ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಚಹಾ ಕುಡಿಯುತ್ತಾ ಹಾಕಿದ್ದೆವು. ಬಹುಶಃ ನೀವು ನೋಡಿದ ವಿಡಿಯೋಗಳನ್ನೇ ನೋಡಿ.

ನಾನು, ನಮ್ಮ ಕಾಕಾನ ಮಗ, ಮತ್ತೆ ಶಹಾಬಾದ್ ಕಲ್ಲಿನ ವ್ಯಾಪಾರ ಮಾಡುವ ಒಬ್ಬ ಗೆಳೆಯ. ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದು ದೆಹಲಿ, ಅಲ್ಲಿಂದ ವಿಮಾನದಲ್ಲಿ ಶ್ರೀನಗರ. ತಂಗ್‌ಮಾರ್ಗ್‌ನಿಂದ ಮೇಲೆ ಸುಮಾರು 13 ಕಿಲೋಮೀಟರ್ ಘಾಟಿ. ಹಿಮ ಬಿದ್ದಾಗ ಗಾಡಿಯ ಟೈರಿಗೆ ಸರಪಳಿ ಸುತ್ತಿ ಹತ್ತಿಸುತ್ತಾರೆ. ನಾವು ಫೋಟೋ ತೆಗೆಯುವುದರಲ್ಲಿ ಮುಳುಗಿದ್ದೆವು. ಸರಪಳಿ ಯಾಕೆ ಬೇಕಾಯಿತು ಅಂತ ಒಬ್ಬರೂ ಯೋಚಿಸಲಿಲ್ಲ.

ಗುಲ್ಮಾರ್ಗ್‌ನ ಗಾಲ್ಫ್ ಮೈದಾನ ಚಳಿಗಾಲದಲ್ಲಿ ಪೂರ್ತಿ ಹಿಮದಡಿ ಇರುತ್ತೆ. ಹೊಸಬರಿಗೆ ಕಲಿಸುವುದು ಅಲ್ಲಿನ ಸಣ್ಣ ದಿಬ್ಬಗಳ ಮೇಲೆ. ಸ್ಕೀಗಳ ಮುಂದಿನ ತುದಿ ಹತ್ತಿರ ತಂದು, ಹಿಂದಿನ ತುದಿ ಅಗಲಿಸಿ ನಿಧಾನ ಮಾಡುವುದಕ್ಕೆ ಸ್ನೋಪ್ಲೌ ಅಂತಾರೆ. ಅದನ್ನು ಕಲಿತೆವು. ಒಂದಷ್ಟು ಸಲ ಬಿದ್ದೆವು, ಎದ್ದೆವು. ಸಂಜೆಯ ಹೊತ್ತಿಗೆ ಮೂವರೂ ಮೇಲಿಂದ ಕೆಳಗೆ ಬಂದು ನಿಲ್ಲುತ್ತಿದ್ದೆವು.

ಇಲ್ಲೊಂದು ಮೋಸವಿದೆ, ಯಾರೂ ಹೇಳುವುದಿಲ್ಲ. ಆ ದಿಬ್ಬದ ಬುಡ ಸಮತಟ್ಟಾಗಿರುತ್ತೆ. ನೀವು ಏನೂ ಮಾಡದಿದ್ದರೂ ಅಲ್ಲಿ ತಾನಾಗಿ ನಿಂತುಬಿಡುತ್ತೀರಿ. ನಿಲ್ಲಿಸೋದು ಕಲಿತೆ ಅಂದುಕೊಳ್ಳುತ್ತೀರಿ. ನಿಲ್ಲಿಸಿದ್ದು ನೀವಲ್ಲ, ಬಯಲು.

ಕಲಿಸಿದ ಹುಡುಗನಿಗೆ ಇದು ಗೊತ್ತಿತ್ತು. ಇನ್ನೂ ಕೆಲವು ದಿನ ಇಲ್ಲೇ ಆಡಿ, ಆಮೇಲೆ ನಾನೇ ಮೇಲೆ ಕರೆದುಕೊಂಡು ಹೋಗ್ತೀನಿ ಅಂದ. ನಾವು ನಮ್ಮ ದಖನಿಯಲ್ಲಿ “ನಕ್ಕೋ ಭಾಯ್”, ಬೇಡಪ್ಪ ಅಂದೆವು. ಅವನು ನಕ್ಕ. ಬೇರೊಬ್ಬ ಗೈಡ್ ಸಿಕ್ಕ, “ಈಸಿ ಹೈ ಸಾಬ್” ಅಂದ. ಪ್ಯಾಕೇಜಿನ ಹಾಳೆಯಲ್ಲೂ ಬಿಗಿನರ್ ಅಂತಲೇ ಬರೆದಿತ್ತು.

ಮರುದಿನ ಗಾಳಿ ಜಾಸ್ತಿ ಅಂತ ಗೊಂಡೋಲಾ ತಡವಾಗಿ ಶುರುವಾಯಿತು. ಸಾಲು ಉದ್ದ. ನಾವು ಮೇಲೆ ಕಾಲಿಟ್ಟಾಗ ಮಧ್ಯಾಹ್ನ ಮೂರೂವರೆ ದಾಟಿತ್ತು. ನನ್ನ ತಪ್ಪು ಇದು. ಆ ದಾರಿ ಆರಿಸಿದ್ದಲ್ಲ, ಆ ಹೊತ್ತಿನಲ್ಲಿ ಆರಿಸಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಉದ್ದವಾದರೆ ಬೇಜಾರಾಗಬೇಡಿ.

ಬೆಳಿಗ್ಗೆ ಆ ದಾರಿಯ ಹಿಮವನ್ನು ಯಂತ್ರ ಓಡಿಸಿ ಸಮ ಮಾಡಿರುತ್ತಾರೆ. ಮೆತ್ತಗಿರುತ್ತೆ, ಸ್ಕೀಯ ಅಂಚು ಹಿಡಿಯುತ್ತೆ. ಅದೇ ದಾರಿಯಲ್ಲಿ ದಿನವಿಡೀ ನೂರಾರು ಜನ ಇಳಿಯುತ್ತಾರೆ. ಅರ್ಧಕ್ಕಿಂತ ಹೆಚ್ಚು ಜನ ನಮ್ಮಂಥವರೇ, ಸ್ನೋಪ್ಲೌ ಹಾಕಿ ಹಿಮ ಕೆರೆಯುತ್ತಾ ಬರುವವರು. ಮೆತ್ತಗಿನ ಹಿಮ ಅಕ್ಕಪಕ್ಕಕ್ಕೆ ಹೋಗಿ ಗುಡ್ಡೆಯಾಗುತ್ತೆ. ನಡುವೆ ಉಳಿಯೋದು ಗಟ್ಟಿ ಪದರ. ಬಿಸಿಲಿಗೆ ಅದರ ಮೇಲ್ಭಾಗ ಕರಗುತ್ತೆ. ಮಧ್ಯಾಹ್ನ ಕಳೆದಂತೆ ಸೂರ್ಯ ಅಫರ್ವಟ್ ಬೆಟ್ಟದ ಹಿಂದೆ ಸರಿಯುತ್ತಾನೆ, ದಾರಿಗೆ ಮರಗಳ ನೆರಳು ಬೀಳುತ್ತೆ, ಕರಗಿದ ನೀರು ಮತ್ತೆ ಹೆಪ್ಪುಗಟ್ಟುತ್ತೆ. ಆಗ ಅದು ಹಿಮವಲ್ಲ. ಸೋಪಿನ ನೀರು ಚೆಲ್ಲಿದ ಶಹಾಬಾದ್ ಕಲ್ಲಿನ ನೆಲ.

ಇನ್ನೊಂದು, ಬೆಳಕು. ಬಿಸಿಲಿದ್ದಾಗ ಉಬ್ಬುತಗ್ಗಿಗೆ ನೆರಳಿರುತ್ತೆ, ಕಣ್ಣಿಗೆ ಗೊತ್ತಾಗುತ್ತೆ. ಬಿಸಿಲು ಹೋದ ಮೇಲೆ ಎಲ್ಲ ಒಂದೇ ಬಿಳಿ. ತಗ್ಗು ಎಲ್ಲಿದೆ ಅಂತ ನಿಮಗೆ ಹೇಳೋದು ಕಣ್ಣಲ್ಲ, ಮೊಣಕಾಲು. ಸಾಲಿನಲ್ಲಿ ನಿಂತು ನಿಂತು ಕಾಲು ಆಗಲೇ ಸೋತಿತ್ತು. ನಾವು ಹೊರಟಿದ್ದು ಸಮುದ್ರಮಟ್ಟದಿಂದ 450 ಮೀಟರ್ ಎತ್ತರದ ಕಲಬುರಗಿಯಿಂದ. ಗುಲ್ಮಾರ್ಗ್ ಸುಮಾರು 2,650 ಮೀಟರ್, ಮೊದಲ ಹಂತದ ಕೊಂಗ್‌ಡೂರಿ 3,000 ದಾಟುತ್ತೆ. ಬೂಟಿನ ಬಕಲ್ ಹಾಕಲು ಬಗ್ಗಿದರೂ ಏದುಸಿರು. ಇನ್ನು ಗೈಡ್‌ಗೆ ಕತ್ತಲಾಗುವ ಮುಂಚೆ ನಮ್ಮನ್ನು ಕೆಳಗಿಳಿಸುವ ಅವಸರ. ಕೂತು ಸುಧಾರಿಸಿಕೊಳ್ಳಲು ಟೈಮ್ ಇಲ್ಲ. ಇದೇ ದಾರಿಗೆ ಬೆಳಿಗ್ಗೆ ಬಂದಿದ್ದರೆ ಈ ಯಾವ ಸಮಸ್ಯೆಯೂ ಇಷ್ಟು ಇರುತ್ತಿರಲಿಲ್ಲ. ಹಾಳೆಯಲ್ಲಿ ಮಾತ್ರ ಎರಡು ಹೊತ್ತಿಗೂ ಒಂದೇ ಹೆಸರು, ಬಿಗಿನರ್.

ಮೊದಲ ಸ್ವಲ್ಪ ದೂರ ಚೆನ್ನಾಗಿಯೇ ಹೋಯಿತು. ಅಗಲವಾಗಿತ್ತು, ಈ ಕಡೆಯಿಂದ ಆ ಕಡೆಗೆ ದೊಡ್ಡ ತಿರುವು ಹಾಕುತ್ತಾ ಬಂದೆವು. ಕಾಕಾನ ಮಗ “ಅಣ್ಣಾ, ಇದು ನಿನ್ನೆಗಿಂತ ಸಸಾರ ಅದ” ಅಂದ. ಆಮೇಲೆ ದಾರಿ ಮರಗಳ ನಡುವೆ ಕಿರಿದಾಯಿತು, ಅದೇ ಜಾಗದಲ್ಲಿ ಕಡಿದೂ ಆಯಿತು. ಉದ್ದ ಜಾಸ್ತಿ ಇಲ್ಲ, ನಡೆದರೆ ಒಂದೆರಡು ನಿಮಿಷ. ಆದರೆ ಕಿರಿದಾದ ಕಡೆ ದೊಡ್ಡ ತಿರುವಿಗೆ ಜಾಗ ಇರೋದಿಲ್ಲ. ಉಳಿಯೋದು ಸ್ನೋಪ್ಲೌ ಒಂದೇ. ಗಟ್ಟಿ ಮಂಜಿನ ಮೇಲೆ ಅದು ಹಿಡಿಯೋದಿಲ್ಲ.

ವೇಗ ಹೆಚ್ಚಿದ ಕೂಡಲೇ ಭಯಕ್ಕೆ ಹಿಂದಕ್ಕೆ ವಾಲಿದೆ. ಎಲ್ಲರೂ ಮಾಡೋದು ಇದನ್ನೇ. ಹಿಂದಕ್ಕೆ ವಾಲಿದರೆ ಸ್ಕೀಯ ಮುಂಭಾಗದ ಮೇಲೆ ಭಾರ ಇರೋದಿಲ್ಲ, ಅದು ತಿರುಗುವುದೂ ಇಲ್ಲ, ನಿಲ್ಲುವುದೂ ಇಲ್ಲ. ಎಡಗಾಲಿನ ಸ್ಕೀಯ ಒಳ ಅಂಚು ಪಕ್ಕದ ಗುಡ್ಡೆಗೆ ಸಿಕ್ಕಿತು. ಕಾಲು ಅಲ್ಲೇ ನಿಂತಿತು, ಮೈ ಮುಂದೆ ಹೋಯಿತು. ಬಿದ್ದಿದ್ದು ನಿಧಾನಕ್ಕೇ. ಅದೇ ಕೆಟ್ಟದ್ದು. ಜೋರಾಗಿ ಬಿದ್ದರೆ ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ, ಬಿಚ್ಚಿಕೊಂಡು ಕಾಲು ಬಿಡುಗಡೆಯಾಗುತ್ತೆ. ಮೆಲ್ಲಗೆ ತಿರುಚಿಕೊಂಡು ಬಿದ್ದರೆ ಎಷ್ಟೋ ಸಲ ಬಿಚ್ಚೋದೇ ಇಲ್ಲ. ನನ್ನದು ಬಿಚ್ಚಲಿಲ್ಲ.

ಮೊಣಕಾಲಿನ ಒಳಬದಿಯ ಲಿಗಮೆಂಟ್ ಹರಿದಿತ್ತು, ಪೂರ್ತಿ ಅಲ್ಲ. ಆ ಲಿಗಮೆಂಟಿಗೆ ಎಂಸಿಎಲ್ ಅಂತಾರೆ. ಕಲಬುರಗಿಗೆ ಬಂದು ಎಂಆರ್‌ಐ ಮಾಡಿಸಿದಾಗ ಡಾಕ್ಟರು ಹೇಳಿದ್ದು: ಸ್ನೋಪ್ಲೌ ಹಾಕುವ ಹೊಸಬರಿಗೆ ಆಗುವ ಮಾಮೂಲಿ ಪೆಟ್ಟು ಇದೇ, ಆಪರೇಷನ್ ಬೇಡ, ಬ್ರೇಸ್ ಹಾಕಿ, ಕಾಯಿರಿ. ಕಾದೆ. ಹೊಲದಲ್ಲಿ ತೊಗರಿ ರಾಶಿ ನಡೆದಿತ್ತು. ನಾನು ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಬಂದವರಿಗೆಲ್ಲ ಅದೇ ಕತೆ ಹೇಳಿದೆ. ನಮ್ಮ ಅಪ್ಪ ಒಂದೇ ಮಾತು ಅಂದರು: “ಅಲ್ಲೋ, ಜಾರಿ ಬೀಳಾಕ ರೊಕ್ಕ ಕೊಟ್ಟು ಅಷ್ಟು ದೂರ ಹೋಗಬೇಕಿತ್ತೇನು? ನಮ್ಮ ಬಚ್ಚಲದಾಗ ಬೀಳಬಹುದಿತ್ತಲ್ಲ.”

ಕಲ್ಲಿನ ವ್ಯಾಪಾರದ ಗೆಳೆಯನಿಗೆ ಏನೂ ಆಗಲಿಲ್ಲ. ಅವನು ಆ ಕಿರಿದಾದ ಜಾಗದ ಮೇಲೆಯೇ ನಿಂತ, ಕೆಳಗೆ ನೋಡಿದ, ಸ್ಕೀ ಬಿಚ್ಚಿ ಹೆಗಲ ಮೇಲೆ ಇಟ್ಟುಕೊಂಡ. ದಾರಿಯ ಅಂಚಿನ ಮೆತ್ತನೆ ಹಿಮದಲ್ಲಿ ಹೆಜ್ಜೆ ಊರುತ್ತಾ ಇಳಿದ. ಗೈಡ್ ಎಷ್ಟು ಕರೆದರೂ ಕೇಳಲಿಲ್ಲ. ದಿನಾ ನುಣುಪು ಕಲ್ಲಿನ ಮೇಲೆ ಓಡಾಡುವವನು, ನೋಡಿದ ಕೂಡಲೇ ಗೊತ್ತಾಗಿರಬೇಕು.

ಈಗ ನಿಮ್ಮ ಪ್ರಶ್ನೆಗೆ. ಹಸಿರು ಗುರುತು ಇದ್ದರೆ ಹೊಸಬರಿಗೆ ಸುರಕ್ಷಿತ ಅಲ್ವಾ, ಯಾವ ಹಸಿರು ದಾರಿ ಆರಿಸಲಿ ಅಂತ ಕೇಳಿದ್ದೀರಿ. ಪ್ರಶ್ನೆಯೇ ಸರಿ ಇಲ್ಲ ಅಂತೀನಿ, ಸಿಟ್ಟಾಗಬೇಡಿ. ಮನೆಯಲ್ಲಿ ಕೂತಿದ್ದಾಗ ಬೇರೆ ಕೆಲಸ ಇರಲಿಲ್ಲ, ಇದನ್ನೇ ಓದಿದೆ. ಅಮೆರಿಕ, ಕೆನಡಾದಲ್ಲಿ ಹಸಿರು, ನೀಲಿ, ಕಪ್ಪು ಅಂತ ಗುರುತು. ಹಸಿರು ಅಂದರೆ ಅಂದಾಜು ಶೇ. 25ರ ಒಳಗಿನ ಇಳಿಜಾರು, ಅಂದರೆ 100 ಮೀಟರ್ ಮುಂದೆ ಹೋದರೆ 25 ಮೀಟರ್ ಕೆಳಗೆ. ನೀಲಿ ಶೇ. 40ರವರೆಗೆ, ಅದರ ಮೇಲೆ ಕಪ್ಪು. ಆದರೆ ಇದು ಅಂದಾಜಿನ ಲೆಕ್ಕ. ಗುರುತು ಹಾಕೋದು ಆಯಾ ಬೆಟ್ಟದವರೇ, ತಮ್ಮ ಬೆಟ್ಟದ ಉಳಿದ ದಾರಿಗಳ ಜೊತೆ ಹೋಲಿಸಿ. ದೊಡ್ಡ ಕಡಿದಾದ ಬೆಟ್ಟದ ಹಸಿರು ದಾರಿ, ಸಣ್ಣ ಗುಡ್ಡದ ನೀಲಿ ದಾರಿಗಿಂತ ಕಷ್ಟ ಇರಬಹುದು. ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡ್ ಕಡೆ ಸಾಮಾನ್ಯವಾಗಿ ನೀಲಿಯೇ ಎಲ್ಲಕ್ಕಿಂತ ಸುಲಭದ್ದು. ಫ್ರಾನ್ಸ್‌ನಲ್ಲಿ ಅದರ ಕೆಳಗೆ ಹಸಿರೂ ಉಂಟು. ಆಸ್ಟ್ರಿಯಾದ ನಿಯಮದಲ್ಲಿ ನೀಲಿ ಶೇ. 25 ದಾಟಬಾರದು ಅಂತ ಇದೆ, ಅದರ ಜೊತೆಗೇ, ತೆರೆದ ಜಾಗದಲ್ಲಿ ಚಿಕ್ಕ ತುಣುಕುಗಳು ದಾಟಬಹುದು ಅಂತಲೂ ಇದೆ. ನಮ್ಮನ್ನು ಬೀಳಿಸೋದು ಇಂಥ ಚಿಕ್ಕ ತುಣುಕೇ. ಎರಡು ಕಿಲೋಮೀಟರ್ ದಾರಿಯ ಸರಾಸರಿ ಎಷ್ಟೇ ಸಲೀಸಾಗಿರಲಿ, ನೀವು ಬೀಳೋದು ಸರಾಸರಿಯಲ್ಲಿ ಅಲ್ಲ.

ಅಗಲ, ಹಿಮದ ಸ್ಥಿತಿ, ಜನಸಂದಣಿ, ಉದ್ದ, ಇವು ಆ ಬಣ್ಣದಲ್ಲಿ ಕಾಣೋದಿಲ್ಲ. ತೀರಾ ಸಪಾಟು ದಾರಿ ಕೂಡ ಹೊಸಬರಿಗೆ ಕಷ್ಟವೇ. ವೇಗ ಬಿಟ್ಟರೆ ನಡುವೆ ನಿಂತುಬಿಡುತ್ತೀರಿ, ಆಮೇಲೆ ಕೋಲು ಊರಿ ತಳ್ಳಿಕೊಂಡು ಹೋಗಬೇಕು. ಒಂದು ಬದಿಗೆ ವಾಲಿದ ದಾರಿ ಇನ್ನೂ ಕೆಟ್ಟದ್ದು, ನೀವು ನೇರ ಹೋಗಬೇಕೆಂದರೆ ಅದು ಪಕ್ಕಕ್ಕೆ ಎಳೆಯುತ್ತೆ.

ಹಾಗಾಗಿ ಗೈಡ್‌ಗೆ “ಈಸಿ ಇದೆಯಾ?” ಅಂತ ಕೇಳಲೇಬೇಡಿ. ಅವನಿಗೆ ಅದು ಈಸಿಯೇ, ಸುಳ್ಳು ಹೇಳುತ್ತಿಲ್ಲ. ತೀರಾ ಕಡಿದಾದ ಜಾಗ ಎಲ್ಲಿದೆ, ಅಲ್ಲಿ ದಾರಿ ಎಷ್ಟು ಅಗಲ, ಈಗ ಅಲ್ಲಿ ಹಿಮ ಹೇಗಿದೆ, ಬೇಡ ಅನಿಸಿದರೆ ಗೊಂಡೋಲಾದಲ್ಲೇ ವಾಪಸ್ ಬರಬಹುದಾ, ಕೊನೆಯ ಗಾಡಿ ಎಷ್ಟಕ್ಕೆ, ಇಷ್ಟು ಕೇಳಿ. ಉತ್ತರ ತಡವರಿಸಿದರೆ ಸುಮ್ನೆ ಕೆಳಗೇ ಇರಿ.

ಬಯಲಿನಲ್ಲಿ ತಿರುವು ಕಲಿಯುವ ಮುಂಚೆ ಅಡ್ಡ ಜಾರೋದನ್ನು ಕಲಿಸಿ ಅಂತ ಹಟ ಹಿಡಿಯಿರಿ. ಸ್ಕೀಗಳನ್ನು ಇಳಿಜಾರಿಗೆ ಅಡ್ಡ ಇಟ್ಟು, ಅಂಚನ್ನು ಸ್ವಲ್ಪ ಸ್ವಲ್ಪ ಸಡಿಲ ಬಿಡುತ್ತಾ ಮೆಲ್ಲಗೆ ಕೆಳಗೆ ಸರಿಯೋದು. ನೋಡಲು ಚೆಂದ ಇಲ್ಲ, ವಿಡಿಯೋಗೆ ಬರೋದಿಲ್ಲ, ಆದ್ದರಿಂದಲೇ ಯಾರೂ ಕೇಳೋದಿಲ್ಲ. ಕಿರಿದಾದ ಗಟ್ಟಿ ಇಳಿಜಾರಿನಲ್ಲಿ ಸ್ನೋಪ್ಲೌಗಿಂತ ಇದನ್ನೇ ನಂಬಬಹುದು. ಎಡಕ್ಕೂ ಬಲಕ್ಕೂ ಇಳಿಜಾರಿನ ನಡುವೆ, ಬುಡದಲ್ಲಲ್ಲ, ಬೇಕೆಂದಾಗ ನಿಲ್ಲಲು ಬಂದರೆ ಮಾತ್ರ ಮೇಲೆ ಹೋಗಿ. ಬೆಳಿಗ್ಗೆ ಹೋಗಿ. ಗೊಂಡೋಲಾ ತಡವಾದರೆ ಆ ದಿನ ಸ್ಕೀ ಕೆಳಗೇ ಇಟ್ಟು ಪ್ರವಾಸಿಗರ ಹಾಗೆ ಹೋಗಿ ಬನ್ನಿ, ಮೇಲಿನ ನೋಟವಂತೂ ಯಾರ ಕಾಲನ್ನೂ ಮುರಿಯೋದಿಲ್ಲ. ಎರಡನೇ ಹಂತ ಅಫರ್ವಟ್ ಕಡೆ ಸ್ಕೀ ಹಿಡಿದು ಹೋಗುವ ಮಾತೇ ಬೇಡ. ಅದು ಹಿಮಕುಸಿತದ ಜಾಗ.

ಸಮಯ ಇದ್ದರೆ ಗುಲ್ಮಾರ್ಗ್‌ನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಕೀಯಿಂಗ್ ಅಂಡ್ ಮೌಂಟೇನಿಯರಿಂಗ್‌ನಂಥ ಕಡೆ ಕೋರ್ಸ್ ಸೇರಿ. ಉತ್ತರಾಖಂಡದ ಔಲಿ ಇದಕ್ಕಿಂತ ಸುಲಭವಾ ಅಂತ ಕೇಳಿದ್ದೀರಲ್ಲ, ನಾನು ಅಲ್ಲಿ ಸ್ಕೀ ಮಾಡಿಲ್ಲ. 2023ರಲ್ಲಿ ಜೋಶಿಮಠದಲ್ಲಿ ನೆಲ ಕುಸಿದಾಗ ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇ ನಿಲ್ಲಿಸಿದರು. ರಸ್ತೆ ಲೆಕ್ಕ ಹಾಕಿಕೊಂಡು ಹೊರಡಿ. ಇನ್ಶೂರೆನ್ಸ್ ತೆಗೆದುಕೊಳ್ಳುವಾಗ ಸಾಹಸ ಕ್ರೀಡೆ ಸೇರಿದೆಯಾ ಅಂತ ಓದಿ, ಎಷ್ಟೋ ಪಾಲಿಸಿಯಲ್ಲಿ ಸೇರಿರೋದಿಲ್ಲ.

“ಬೀದರ್ ಚಳಿ ಕಂಡವರು ನಾವು” ಅಂತ ಬರೆದಿದ್ದೀರಿ. ಆ ಚಳಿ ಬೇರೆ ರೀ. ಥರ್ಮಲ್, ಕೈಗವಸು ಇಲ್ಲಿಂದಲೇ ಒಯ್ಯಿರಿ, ಜೀನ್ಸ್ ಹಾಕಬೇಡಿ. ಸ್ಕೀ, ಬೂಟು, ಹೆಲ್ಮೆಟ್ ಅಲ್ಲೇ ಬಾಡಿಗೆಗೆ ಸಿಗುತ್ತೆ. ಬೈಂಡಿಂಗ್ ಎಷ್ಟಕ್ಕೆ ಬಿಚ್ಚಿಕೊಳ್ಳಬೇಕು ಅಂತ ಸೆಟ್ ಮಾಡೋದು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಳತೆ, ಎಷ್ಟು ಕಲಿತಿದ್ದೀರಿ ಅನ್ನೋದರ ಮೇಲೆ. ನನ್ನನ್ನು ಅಂಗಡಿಯವರು ಬೂಟಿನ ಸೈಜ್ ಬಿಟ್ಟು ಏನೂ ಕೇಳಲಿಲ್ಲ. ನಿಮ್ಮನ್ನೂ ಕೇಳದಿದ್ದರೆ ಪಕ್ಕದ ಅಂಗಡಿಗೆ ಹೋಗಿ. ಒಂದು ಕಾಲಿಗೆ ಒಂದೇ ಕಾಲುಚೀಲ ಹಾಕಿ. ಚಳಿ ಅಂತ ಎರಡು ಹಾಕಿದರೆ ದೊಡ್ಡ ಬೂಟು ತೆಗೆದುಕೊಳ್ಳಬೇಕಾಗುತ್ತೆ, ಒಳಗೆ ಕಾಲು ಅಲ್ಲಾಡುತ್ತಿದ್ದರೆ ಸ್ಕೀ ನಿಮ್ಮ ಮಾತು ಕೇಳೋದಿಲ್ಲ.