ಅಪ್ಪ ನೆನಪಾದರೆ ನಗು ಬರುತ್ತದೆ, ತಪ್ಪಾ?

ಪ್ರಶ್ನೆ: ನನಗೆ 38 ವರ್ಷ. ತವರು ದಾವಣಗೆರೆ, ಮದುವೆಯಾಗಿ ಹರಿಹರದಲ್ಲಿದ್ದೇನೆ. ಬರುವ ತಿಂಗಳಿಗೆ ಅಪ್ಪ ತೀರಿಕೊಂಡು ಒಂದು ವರ್ಷ. ಅಪ್ಪ ಅಂದರೆ ಬರೀ ತಮಾಷೆ. ಶುಗರ್ ಇತ್ತು. ಭಾನುವಾರ ಕುಂದುವಾಡ ಕೆರೆಗೆ ವಾಕಿಂಗ್ ಅಂತ ನನ್ನ ಮಗನನ್ನು ಕರೆದುಕೊಂಡು ಹೊರಟು, ಸೀದಾ ಬೆಣ್ಣೆ ದೋಸೆ ಹೋಟೆಲ್‌ಗೆ ಹೋಗುತ್ತಿದ್ದರು. ಒಮ್ಮೆ ಅಮ್ಮ "ಕೆರೆ ಹೇಗಿತ್ತೋ?" ಅಂದಾಗ ಮಗ "ತುಂಬಾ ಬೆಣ್ಣೆ ಇತ್ತಜ್ಜಿ" ಅಂದುಬಿಟ್ಟ!

ಹನ್ನೊಂದನೇ ದಿನದ ಕಾರ್ಯದಲ್ಲಿ ಇವನು, ಅಜ್ಜ ಮೀಸೆ ಒರೆಸಿಕೊಂಡು ಕಳ್ಳಹೆಜ್ಜೆ ಇಡುತ್ತಾ ಮನೆಯೊಳಗೆ ಬರುವುದನ್ನು ಮಾಡಿ ತೋರಿಸಿದ. ಊಟಕ್ಕೆ ಕೂತವರು ನಕ್ಕರು. ಅಣ್ಣ ಎಲ್ಲರ ಎದುರೇ ಒಂದು ಬಾರಿಸಿದ. ಅವತ್ತಿನಿಂದ ಮಗ ಅಜ್ಜನ ಮಾತೇ ಎತ್ತುವುದಿಲ್ಲ. ಅವನಿಗೀಗ ಒಂಬತ್ತು ವರ್ಷ. ಅಮ್ಮ ಏನೂ ಹೇಳುವುದಿಲ್ಲ. ವರ್ಷದ ಕಾರ್ಯಕ್ಕೆ "ನಿನ್ನ ಮಗನಿಗೆ ಬುದ್ಧಿ ಹೇಳಿ ಕರ್ಕೊಂಡು ಬಾ" ಅಂದಿದ್ದಾನೆ ಅಣ್ಣ. ಗಿರಣಿ ಮುಚ್ಚಿ ಅಪ್ಪನ ಕೆಲಸ ಹೋದಾಗ ಹತ್ತೊಂಬತ್ತಕ್ಕೇ ದುಡಿಯಲು ನಿಂತವನು ಅವನು, ಎದುರಾಡಲು ನನಗೆ ಬಾಯಿ ಬರುವುದಿಲ್ಲ. ಆದರೆ ಅಪ್ಪ ನೆನಪಾದರೆ ನನಗೂ ಅಳುವಿಗಿಂತ ನಗುವೇ ಜಾಸ್ತಿ. ನನ್ನದು ಕಲ್ಲು ಮನಸ್ಸಾ?

ಉತ್ತರ: ಕೆರೆಯಲ್ಲಿ ಬೆಣ್ಣೆ ಇದ್ದ ಕಡೆ ನಾನೂ ನಕ್ಕೆ ಕಣಮ್ಮಾ. ನಿಮ್ಮ ಅಪ್ಪನನ್ನು ನೋಡಿದವಳೇ ಅಲ್ಲ ನಾನು. ನೋಡದವಳಿಗೇ ಹೀಗಾದರೆ, ಇಷ್ಟು ವರ್ಷ ಜೊತೆಗಿದ್ದ ನಿಮಗೆ ನಗು ಬಾರದೆ ಇರುತ್ತದಾ?

ಕಲ್ಲು ಮನಸ್ಸಿನ ಪ್ರಶ್ನೆ ಮೊದಲು ಮುಗಿಸೋಣ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡ್ಯಾಕರ್ ಕೆಲ್ಟ್ನರ್ ಮತ್ತು ಜಾರ್ಜ್ ಬೊನಾನೊ 1997ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡು ಆರು ತಿಂಗಳಾದವರನ್ನು ಮಾತಾಡಿಸಿ, ಅವರ ಮುಖ ಗಮನಿಸಿದ್ದರು. ಹೋದವರ ಬಗ್ಗೆ ಹೇಳುತ್ತಾ ಮನಸಾರೆ ನಕ್ಕವರಲ್ಲಿ ಸಂಕಟ ಕಡಿಮೆ ಕಂಡಿತು. ನಕ್ಕಿದ್ದಕ್ಕೇ ಸಂಕಟ ಇಳಿಯಿತು ಅಂತಲ್ಲ. ಆದರೆ ನಗು ಬಂದರೆ ದುಃಖ ಇಲ್ಲ ಅನ್ನುವ ಮಾತು ನಿಲ್ಲುವುದಿಲ್ಲ ಅಂತ ಇದರಿಂದ ಗೊತ್ತಾಗುತ್ತದೆ, ಅಷ್ಟು ಸಾಕು ನಮಗೆ.

ಇದಕ್ಕೆ ಅಮೆರಿಕದವರೆಗೂ ಹೋಗಬೇಕಿಲ್ಲ, ನಮ್ಮ ಮಹಾಲಯ ಅಮಾವಾಸ್ಯೆಯನ್ನೇ ನೋಡಿ. ಹಿರಿಯರಿಗೆ ಎಡೆ ಇಡುವಾಗ ಏನಿಡುತ್ತೇವೆ? ಅವರಿಗೆ ಇಷ್ಟವಾಗಿದ್ದು. ಬೀಡಿ ಸೇದುತ್ತಿದ್ದ ತಾತನಿಗೆ ಬೀಡಿ ಕಟ್ಟು. ಕೆಲವು ಮನೆಗಳಲ್ಲಿ ಮರೆಯಲ್ಲಿ ಒಂದು ಕ್ವಾರ್ಟರ್ ಕೂಡ! ಬದುಕಿದ್ದಾಗ ಬೈದು ಬಿಡಿಸಲು ನೋಡಿದ್ದನ್ನೇ ಸತ್ತ ಮೇಲೆ ಕೈಮುಗಿದು ಬಡಿಸುತ್ತೇವೆ. ನಿಮ್ಮ ಮಗ ಅವತ್ತು ಮಾಡಿದ್ದೂ ಅದೇ. ಅವನ ಹತ್ತಿರ ಇದ್ದದ್ದು ಮೀಸೆ ಒರೆಸುವ ಆಟ, ಅದನ್ನೇ ಅಜ್ಜನಿಗೆ ಎಡೆ ಇಟ್ಟ.

ಈಗ ನಿಮ್ಮ ಅಣ್ಣ. ಕಾಗದದಲ್ಲಿ ನೀವು ಸುಮ್ನೆ ದಾಟಿಹೋದ ಸಾಲೊಂದಿದೆ. ಹತ್ತೊಂಬತ್ತಕ್ಕೇ ದುಡಿಯಲು ನಿಂತವನು ಅನ್ನುವುದು. ನಾನು ಅಲ್ಲೇ ನಿಂತೆ. ಇಷ್ಟು ವರ್ಷ ಈ ಅಂಕಣಕ್ಕೆ ಬಂದ ಕಾಗದಗಳಿಂದ ಕಲಿತಿದ್ದು ಒಂದಿದೆ. ಅಪ್ಪ ಊರೆಲ್ಲ ನಗಿಸುತ್ತಿದ್ದ ಮನೆಯಲ್ಲಿ ಇನ್ಯಾರೋ ಒಬ್ಬರು ನಗದೆ ಕೂತು ಲೆಕ್ಕ ಬರೆದಿರುತ್ತಾರೆ. ಗಿರಣಿ ಮುಚ್ಚಿದ ಮೇಲೂ ಅಪ್ಪ ನಗುತ್ತಲೇ ಇದ್ದರೇನೋ. ಅದು ಧೈರ್ಯವೇ, ನಾನು ಕಡಿಮೆ ಅನ್ನುವುದಿಲ್ಲ. ಆದರೆ ಅಕ್ಕಿ ಅಂಗಡಿಯ ಬಾಕಿ ಯಾರು ತೀರಿಸಿದರು? ನಿಮ್ಮ ಮಗನಿಗೆ ಸಿಕ್ಕ ಅಜ್ಜ, ನಿಮಗೆ ಸಿಕ್ಕ ಅಪ್ಪ, ಅಣ್ಣನಿಗೆ ಸಿಕ್ಕ ಅಪ್ಪ ಮೂವರೂ ಒಬ್ಬರೇ ಅಲ್ಲ. ಅವನು ನಗುವವರ ಮಧ್ಯೆ ಒಬ್ಬನೇ ಆಗಿಬಿಟ್ಟಿದ್ದಾನೆ ಅಂತ ನನ್ನ ಗುಮಾನಿ. ಹಾಗಂತ ಮಗುವಿಗೆ ಹೊಡೆದಿದ್ದು ಸರಿ ಅಂತ ಖಂಡಿತ ಹೇಳಲ್ಲ. ಅದು ತಪ್ಪೇ.

ಅಮ್ಮನದೂ ಹೀಗೇ ಇರಬಹುದು. ಶುಗರ್ ಮಾತ್ರೆ ಎಣಿಸಿ ಕೊಟ್ಟವರು, ದೋಸೆ ಬೇಡ ಅಂದವರು ಅವರು. "ಇಷ್ಟು ಬೇಗ ಹೋಗೋದಿದ್ರೆ ತಿನ್ಲಿ ಅಂತ ಬಿಡಬಹುದಿತ್ತು" ಅಂತ ಒಳಗೊಳಗೇ ಕೊರಗುತ್ತಿದ್ದರೆ? ಕಾರ್ಯಕ್ಕೆ ಮುಂಚೆ ಎರಡು ದಿನ ಹೋಗಿ ಅವರ ಹತ್ತಿರ ಇರಿ. ಸೊಪ್ಪು ಬಿಡಿಸುತ್ತಾ ಕೇಳಿ: "ಅವರು ಹೋಟೆಲ್‌ಗೆ ಹೋಗೋದು ನಿನಗೆ ಮೊದಲೇ ಗೊತ್ತಿತ್ತಾ?" ಗೊತ್ತಿತ್ತು ಅಂತ ನಾನು ಪಂದ್ಯ ಕಟ್ಟುತ್ತೇನೆ. ಗಂಡನ ಮೀಸೆಯಲ್ಲಿರುವ ಬೆಣ್ಣೆ ಕಾಣದ ಹೆಂಡತಿ ದಾವಣಗೆರೆಯಲ್ಲಿ ಇರಲಾರಳು.

ಅಣ್ಣನ ಜೊತೆ ಜಗಳ ಬೇಡ. ಮಗನಿಗೆ ಬುದ್ಧಿ ಹೇಳುವುದಂತೂ ಬೇಡವೇ ಬೇಡ, ಅವನು ಈಗಾಗಲೇ ಬೇಕಾದ್ದಕ್ಕಿಂತ ಜಾಸ್ತಿ ಬುದ್ಧಿ ಕಲಿತಿದ್ದಾನೆ. ನನಗೆ ನಿಜವಾಗಿ ಚಿಂತೆ ಅವನದೇ. ಅಜ್ಜನನ್ನು ನೆನೆಸಿಕೊಂಡರೆ ಏಟು ಬೀಳುತ್ತದೆ ಅಂತ ಅವನ ತಲೆಯಲ್ಲಿ ಕೂತಿದೆ. ಅದನ್ನು ಮೊದಲು ನೀವೇ ಮುರಿಯಿರಿ. "ಹೇಳೋ" ಅಂತ ಒತ್ತಾಯ ಮಾಡಬೇಡಿ, ನೀವು ಹೇಳಿ. ನೀವು ಚಿಕ್ಕವರಿದ್ದಾಗ ಅಪ್ಪ ಮಾಡಿದ ಯಾವುದಾದರೂ ಕಿತಾಪತಿ, ಇವನಿಗೆ ಗೊತ್ತಿಲ್ಲದ್ದು. ನಮ್ಮಜ್ಜ ದುರ್ಗದವರು. ಕೋಟೆಗೆ ಕರೆದುಕೊಂಡು ಹೋದಾಗಲೆಲ್ಲ ಓಬವ್ವನ ಕಿಂಡಿ ಎದುರು ಹೊಟ್ಟೆ ಒಳಗೆಳೆದುಕೊಂಡು ನಿಂತು, "ಹೈದರಾಲಿ ಕಡೆಯವರು ನಿಮ್ಮಜ್ಜಿ ಕೈಯೂಟ ಉಂಡಿರಲಿಲ್ಲ, ಅದಕ್ಕೇ ತೂರಿದರು" ಅನ್ನುತ್ತಿದ್ದರು. ಅಜ್ಜ ಹೋದ ಮೇಲೆ ಇದನ್ನು ನನಗೆ ಮತ್ತೆ ಮತ್ತೆ ಹೇಳಿದವಳು ಅಮ್ಮ. ಅವಳು ಹೇಳದೆ ಇದ್ದಿದ್ದರೆ ನನಗೆ ಅಜ್ಜನ ಮುಖ ಬಿಟ್ಟು ಬೇರೇನೂ ಉಳಿಯುತ್ತಿರಲಿಲ್ಲ.

ಅಣ್ಣನ ಹತ್ತಿರ ಹೋದಾಗ ಮಗನ ಪರ ವಾದ ಮಾಡಬೇಡಿ. ಅಪ್ಪನ ಬಗ್ಗೆ ಅವನನ್ನೇ ಕೇಳಿ. "ಗಿರಣಿ ಮುಚ್ಚಿದಾಗ ನಾನು ಚಿಕ್ಕೋಳು, ನಂಗೇನೂ ಗೊತ್ತಾಗ್ಲಿಲ್ಲ. ನಿಂಗೆ ಹೆಂಗಾಗಿತ್ತಣ್ಣಾ?" ಅಷ್ಟೇ. ಅವನು ಸಿಟ್ಟಿನಿಂದ ಏನಾದರೂ ಅಂದರೆ ಅಪ್ಪನ ಪರ ವಹಿಸಬೇಡಿ, ಕೇಳಿಸಿಕೊಳ್ಳಿ. ಅದೂ ಅಪ್ಪನ ನೆನಪೇ. ಹೊಡೆದ ಮಾತನ್ನು ಆಮೇಲೆ ಎತ್ತಿ. ಬಹುಶಃ ಅವನೇ ಎತ್ತುತ್ತಾನೆ.

ಕಾರ್ಯದ ದಿನ ಪೂಜೆ, ಊಟ ಎಲ್ಲ ಅಣ್ಣ ಹೇಳಿದಂತೆ ನಡೆಯಲಿ. ಹಾರ ಹಾಕಲು ಆ ಗಂಭೀರ ಸ್ಟುಡಿಯೋ ಫೋಟೋನೇ ಇರಲಿ, ಬಂದವರಿಗೆ ಅದು ಸಾಕು. ಸಂಜೆ ನೆಂಟರೆಲ್ಲ ಹೋದ ಮೇಲೆ ಮನೆಯವರಷ್ಟೇ ಮಂಡಕ್ಕಿ ಮಿರ್ಚಿ ಹಾಕಿಕೊಂಡು ಕೂರಿ. ಅಪ್ಪನ ವಾಟ್ಸಾಪ್ ವಾಯ್ಸ್ ಮೆಸೇಜ್ ಯಾರ ಫೋನಿನಲ್ಲಾದರೂ ಇದ್ದರೆ ಇವತ್ತೇ ಬೇರೆ ಕಡೆ ಕಾಪಿ ಮಾಡಿಡಿ, ಫೋನ್ ಕೆಟ್ಟರೆ ಹೋಯಿತು. ಆದರೆ ಅವತ್ತು ಅಮ್ಮನನ್ನು ಕೇಳದೆ ಹಾಕಬೇಡಿ. ಧ್ವನಿ ಕೇಳುವುದು ಫೋಟೋ ನೋಡಿದಷ್ಟು ಸುಲಭ ಅಲ್ಲ.

ಎಡೆಗೆ ಒಂದು ಬೆಣ್ಣೆ ದೋಸೆ ಇಡೋಣ ಅಂತ ಅಮ್ಮನ ಬಾಯಿಂದಲೇ ಹೇಳಿಸಿ. ಅವರು ಅಂದರೆ ಅಣ್ಣ ಇಲ್ಲ ಅನ್ನಲಾರ. ಪಾರ್ಸೆಲ್ ತರಲು ಅವನನ್ನೇ ಕಳಿಸಿ. ಹಿಂದೆ ಸ್ಕೂಟರಿನಲ್ಲಿ ನಿಮ್ಮ ಮಗ ಕೂತಿರಲಿ, ಅಜ್ಜ ಯಾವ ಹೋಟೆಲ್‌ನ ಯಾವ ಟೇಬಲ್ಲಿಗೆ ಕೂರುತ್ತಿದ್ದರು ಅಂತ ಮಾವನಿಗೆ ತೋರಿಸಲು ಅವನೇ ಬೇಕಲ್ಲ. ಭಾನುವಾರವಾದರೆ ಎಂಟರೊಳಗೆ ಹೊರಡಲಿ, ಆಮೇಲೆ ಕಾಯಬೇಕಾಗುತ್ತದೆ.