ಕಿವಿ ಸರಿ ಇದೆಯಂತೆ, ಮಗಳು ಮಾತ್ರ ಕೇಳಿಸಲ್ಲ ಅಂತಾಳೆ

ಪ್ರಶ್ನೆ: ನನ್ನ ಮಗಳಿಗೆ 11 ವರ್ಷ. ಈಚೆಗೆ ಕರೆದರೆ ಓಗೊಡುವುದಿಲ್ಲ, ಟೀಚರ್ ಹೇಳಿದ್ದು ಕೇಳಿಸಲ್ಲ ಅಂತಾಳೆ. ಕಿವಿ ಪರೀಕ್ಷೆ ಮಾಡಿಸಿದೆವು. ‘ಪೀಂ’ ಅನ್ನುವ ಸದ್ದಿಗೆ ಎರಡೂ ಕಿವಿಯಲ್ಲಿ 55 ಡೆಸಿಬಲ್ ಬಂತು, ಮಾತಿಗೆ 20. ಕಿವಿ ಸರಿ ಇದೆ, ನಾಟಕ ಮಾಡ್ತಿದ್ದಾಳೆ ಅಂದರು. ಮನೆಗೆ ಬಂದು ಅವರಪ್ಪ ಚೆನ್ನಾಗಿ ಬೈದರು. ಈಗ ಸರಿಯಾಗಿ ಊಟಾನೂ ಮಾಡ್ತಿಲ್ಲ. ಏನು ಮಾಡಲಿ?
– ಒಬ್ಬ ತಾಯಿ, ತಿಪಟೂರು

ಉತ್ತರ: ಮೊದಲು ಬೈಯುವುದು ನಿಲ್ಲಲಿ. ಪರೀಕ್ಷೆಯ ವಿಷಯ ಆಮೇಲೆ.

ಈ ಅಂಕಿ ಅಂದರೆ ಮಗು ಉತ್ತರ ಕೊಟ್ಟ ಅತಿ ಮೆಲ್ಲನೆಯ ಸದ್ದಿನ ಮಟ್ಟ, ಕಡಿಮೆ ಇದ್ದಷ್ಟೂ ಕಿವಿ ಚೆನ್ನಾಗಿದೆ ಅಂತ. 500, 1000, 2000 ಹರ್ಟ್ಸ್ (ತಗ್ಗಿನಿಂದ ಏರುವ ಮೂರು ಸ್ವರ) ಪೀಂ ಸದ್ದುಗಳ ಸರಾಸರಿಗೂ, ಪದ ಕೇಳಿ ತಿರುಗಿ ಹೇಳುವ ಪರೀಕ್ಷೆಗೂ ಸಾಮಾನ್ಯವಾಗಿ 10 ಡೆಸಿಬಲ್‌ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ನಿಮ್ಮ ಮಗಳದ್ದು 35 ಇದೆ. 20 ಡೆಸಿಬಲ್‌ನ ಮೆಲುದನಿಯಲ್ಲಿ ಪದ ಕೇಳಿ ಸರಿಯಾಗಿ ಹೇಳಿದ್ದಾಳೆ ಅಂದರೆ ಅವಳ ಕಿವಿ ಚೆನ್ನಾಗಿಯೇ ಇರಬೇಕು. ಹಾಗಾದರೆ ಸದ್ದಿಗೆ ಯಾಕೆ ಬಟನ್ ಒತ್ತಲಿಲ್ಲ? ಇಂಥ ಮಕ್ಕಳು ‘ಇಷ್ಟು ಜೋರಾದ ಮೇಲೆ ಒತ್ತೋಣ’ ಅಂತ ಮನಸ್ಸಿನಲ್ಲೇ ಒಂದು ಮಟ್ಟ ಇಟ್ಟುಕೊಳ್ಳುತ್ತಾರೆ, ಆದರೆ ಒಂದೇ ಡೆಸಿಬಲ್ ಇದ್ದರೂ ಮಾತು ನಮಗೆ ಪೀಂ ಸದ್ದಿಗಿಂತ ಜೋರು ಅನ್ನಿಸುತ್ತೆ, ಹಾಗಾಗಿ ಮಾತಿನಲ್ಲಿ ಆ ಮಟ್ಟ ಬೇಗ ಬಂದುಬಿಡುತ್ತೆ. ಎರಡು ಅಂಕಿ ತಾಳೆ ಆಗದಿರುವುದು ಹೀಗೆ.

ಅಷ್ಟಕ್ಕೇ ನಾಟಕ ಅಂದದ್ದು ನನಗೆ ಒಂಚೂರೂ ಸರಿ ಕಾಣಲಿಲ್ಲ. ಯಾಕೆ ಒತ್ತಲಿಲ್ಲ ಅಂತ ಯಂತ್ರ ಹೇಳಲ್ಲ ಅಲ್ವಾ? ಹೇಳಿದ್ದು ಅರ್ಥವಾಗಿರಲಿಲ್ಲವೋ, ಸುಸ್ತಾಗಿತ್ತೋ. ಈ ವಯಸ್ಸಿನ ಮಕ್ಕಳಲ್ಲಿ ಇದು ಆಗಾಗ ಕಾಣುತ್ತೆ. ಕೆದಕಿದರೆ ಎಷ್ಟೋ ಸಲ ಓದಿನಲ್ಲಿ ಹಿಂದೆ ಬಿದ್ದ ಭಯವೋ, ಶಾಲೆಯಲ್ಲಿ ಯಾರದ್ದೋ ಕಾಟವೋ, ಮನೆಯ ಜಗಳವೋ ಸಿಗುತ್ತೆ. ಕೆಲವು ಮಕ್ಕಳಿಗೆ ತಾವು ಹೀಗೆ ಮಾಡ್ತಿದ್ದೇವೆ ಅಂತಲೇ ಗೊತ್ತಿರಲ್ಲ.

ಇನ್ನೊಂದು ದಿನ ಮತ್ತೆ ಪರೀಕ್ಷೆ ಮಾಡಿಸಿ. ‘ಕೇಳಿಸಿದ ಹಾಗೆ ಅನ್ನಿಸಿದರೂ ಸಾಕು, ಒತ್ತು ಪುಟ್ಟಾ’ ಅಂತ ಹೇಳಿ, ತೀರಾ ಸಣ್ಣ ಸದ್ದಿನಿಂದ ಮೇಲಕ್ಕೆ ಹೋದರೆ ಎಷ್ಟೋ ಮಕ್ಕಳು ಸರಿಯಾಗಿ ಉತ್ತರ ಕೊಡುತ್ತಾರೆ. ಜೊತೆಗೆ ಓಎಇ ಮತ್ತು ಬೆರಾ ಕೇಳಿ. ಓಎಇಯಲ್ಲಿ ಕಿವಿಗೆ ಮೆತ್ತನೆಯ ಬಿರಡೆ ಇಟ್ಟು ಸದ್ದು ಬಿಡುತ್ತಾರೆ, ಒಳಕಿವಿಯಿಂದ ವಾಪಸ್ ಬರುವ ಸಣ್ಣ ಸದ್ದನ್ನು ಯಂತ್ರ ಹಿಡಿಯುತ್ತೆ. ಬೆರಾದಲ್ಲಿ ಹಣೆಗೂ ಕಿವಿಯ ಹಿಂದೆಯೂ ತಂತಿ ಅಂಟಿಸಿ, ಸದ್ದಿಗೆ ಮಿದುಳಿನ ಬುಡದಲ್ಲಿ ಏಳುವ ಅಲೆ ನೋಡುತ್ತಾರೆ. ಮಗು ನಿದ್ದೆ ಮಾಡಿದರೂ ಆಗುತ್ತೆ. ಎರಡೂ ಬೇಕು, ಯಾಕಂದರೆ ಕಿವಿಯ ನರದ ಒಂದು ತೊಂದರೆಯಲ್ಲಿ ಓಎಇ ಚೆನ್ನಾಗಿ ಬಂದರೂ ಬೆರಾ ಬರಲ್ಲ, ಮಾತು ತಿಳಿಯಲ್ಲ. ಅಂಥವರನ್ನು ಸುಳ್ಳರು ಅಂದರೆ ದೊಡ್ಡ ಅನ್ಯಾಯ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇವೆಲ್ಲ ಆಗುತ್ತವೆ. ಈ ನಡುವೆ ಶಾಲೆಯಲ್ಲಿ ಏನು ನಡೀತಿದೆ ಅಂತ ಸಮಾಧಾನವಾಗಿ ಕೇಳಿ, ಬೇಕಾದರೆ ಮಕ್ಕಳ ಆಪ್ತಸಲಹೆಗಾರರ ಹತ್ತಿರ ಕರೆದುಕೊಂಡು ಹೋಗಿ.

ಪ್ರಶ್ನೆ: ನನಗೆ ಬಲಗಿವಿ ಕೇಳಿಸಲ್ಲ. ಪರೀಕ್ಷೆಯಲ್ಲಿ ಎರಡೂ ಕಿವಿಗೆ ಒಟ್ಟಿಗೇ ಸದ್ದು ಬಿಟ್ಟರು. ಸುಳ್ಳು ಹೇಳ್ತೀನಿ ಅಂತ ಅನುಮಾನವೇ?
– ಓದುಗರು, ಶಿರಸಿ

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ. ಅದು ಸ್ಟೆಂಗರ್ ಪರೀಕ್ಷೆ ಇರಬೇಕು. ಒಂದೇ ಸ್ವರ ಎರಡೂ ಕಿವಿಗೆ ಬಂದರೆ ನಮಗೆ ಜೋರಾಗಿರುವ ಕಡೆ ಮಾತ್ರ ಕೇಳಿಸಿದ ಹಾಗಾಗುತ್ತೆ. ಒಳ್ಳೆಯ ಕಿವಿಗೆ ಕೇಳಿಸುವಷ್ಟು, ಅಂದರೆ ಅದರ ಮಿತಿಗಿಂತ (ಅದಕ್ಕೆ ಕೇಳಿಸುವ ಅತಿ ಮೆಲ್ಲನೆಯ ಸದ್ದಿಗಿಂತ) 10 ಡೆಸಿಬಲ್ ಮೇಲೆ, ಕೇಳಿಸಲ್ಲ ಅಂದ ಕಿವಿಗೆ ನೀವು ಹೇಳಿದ ಮಿತಿಗಿಂತ 10 ಕಡಿಮೆ ಬಿಡುತ್ತಾರೆ. ನಿಮಗೆ ನಿಜವಾಗಿಯೂ ಬಲಗಿವಿ ಕೇಳಿಸದಿದ್ದರೆ ಎಡಗಿವಿಯಲ್ಲಿ ಸದ್ದು ಕೇಳಿ ತಕ್ಷಣ ಬಟನ್ ಒತ್ತುತ್ತೀರಿ, ಅಲ್ಲಿಗೆ ಮುಗೀತು. ಸುಳ್ಳು ಹೇಳುವವರಿಗೆ ಸದ್ದು ಬಲಗಡೆಯೇ ಕೇಳಿಸುತ್ತೆ, ಎಡಗಿವಿಗೂ ಸದ್ದು ಬಿಟ್ಟಿದ್ದಾರೆ ಅಂತ ಗೊತ್ತೇ ಆಗಲ್ಲ, ಬಲಗಿವಿ ಕೇಳಿಸಲ್ಲ ಅಂದಿದ್ದೇವಲ್ಲ ಅಂತ ಸುಮ್ನೆ ಕೂರುತ್ತಾರೆ, ಅಲ್ಲೇ ಸಿಕ್ಕಿಬೀಳುತ್ತಾರೆ.