ಹೊಟ್ಟೆ ಮುಟ್ಟಿ ನೋಡಿದ್ರಾ?

ಎರಡು ವರ್ಷದ ಹೇಂಟೆ ನಾಲ್ಕು ದಿನದಿಂದ ಮೊಟ್ಟೆ ಇಟ್ಟಿಲ್ಲ, ಹೊಟ್ಟೆ ಊದಿದೆ, ಮನೆಯಲ್ಲೇ ಏನು ಮಾಡಬಹುದು ಅಂತ ಕೇಳಿದ್ದೀರಿ.

ಹಿಂಭಾಗದ ಹತ್ತಿರ ಮೆಲ್ಲಗೆ ಮುಟ್ಟಿ ನೋಡಿ. ಗಟ್ಟಿ ಮೊಟ್ಟೆ ಕೈಗೆ ಸಿಕ್ಕರೆ ಅದು ಸಿಕ್ಕಿಹಾಕಿಕೊಂಡಿದೆ. ಬೇಸಿನ್‌ನಲ್ಲಿ ಹೊಟ್ಟೆ ಮುಳುಗುವಷ್ಟು ಉಗುರುಬೆಚ್ಚಗಿನ ನೀರು ಹಾಕಿ 15-20 ನಿಮಿಷ ಕೂರಿಸಿ. ಚೆನ್ನಾಗಿ ಒರೆಸಿ, ಬೆಚ್ಚಗಿರುವ ಕತ್ತಲೆ ಮೂಲೆಯಲ್ಲಿ ಬಿಡಿ. ನಮ್ಮ ಕೆಂಪಿ ಹೀಗೆ ಮಾಡಿದ ಮೇಲೆ ಸಂಜೆ ಗೋಣಿಚೀಲದ ಮೇಲೆ ಮೊಟ್ಟೆ ಇಟ್ಟು, ಏನೂ ಆಗದವಳ ಹಾಗೆ ಅಕ್ಕಿನುಚ್ಚು ಕುಕ್ಕುತ್ತಿದ್ದಳು! ಒತ್ತಿ ತೆಗೆಯೋಕೆ ಮಾತ್ರ ಹೋಗಬೇಡಿ. ಒಳಗೆ ಒಡೆದರೆ ಚಿಪ್ಪು ಕೊಯ್ಯುತ್ತದೆ. ಕೆಲವು ಗಂಟೆಗಳಲ್ಲಿ ಬರದಿದ್ದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ.

ಆದರೆ ಹೊಟ್ಟೆ ನೀರು ತುಂಬಿದ ಬಲೂನಿನಂತೆ ಮೆತ್ತಗಿದ್ದು, ಪೆಂಗ್ವಿನ್ ಥರ ನೆಟ್ಟಗೆ ನಿಲ್ಲುತ್ತಿದ್ದರೆ ಕಥೆ ಬೇರೆ. ಮೊಟ್ಟೆಯ ಹಳದಿ ದಾರಿತಪ್ಪಿ ಹೊಟ್ಟೆಯೊಳಗೆ ಬಿದ್ದು ಸೋಂಕಾಗಿರಬಹುದು. ಅದಕ್ಕೆ ಅರಿಶಿನ, ಬಿಸಿನೀರು ಯಾವುದೂ ಸಾಲದು. ಪಶುವೈದ್ಯರೇ ಆಂಟಿಬಯಾಟಿಕ್ ಕೊಡಬೇಕು, ಕಾಯಬೇಡಿ. ಸಿರಿಂಜ್ ಚುಚ್ಚಿ ನೀವೇ ನೀರು ತೆಗೆಯುವ ಸಾಹಸವೂ ಬೇಡ. ವಾಸಿಯಾಗದೆ ಹೋಗುವುದೂ ಉಂಟು, ಸುಳ್ಳು ಹೇಳಲ್ಲ.

ಔಷಧಿ ಕೊಟ್ಟರೆ ಎಷ್ಟು ದಿನ ಅದರ ಮೊಟ್ಟೆ ತಿನ್ನಬಾರದು ಅಂತಾನೂ ಕೇಳಿಕೊಂಡು ಬನ್ನಿ.